ತೌಡಿಗೆ ಕೊಟ್ಟ ಮಗಳು

ಬಾಲ್ಕನಿಯ ಗುಲಾಬಿ ಗಿಡಗಳಿಗೆ ಬೇವಿನ ಹಿಂಡಿ ಬೇಕಿತ್ತು. ಚಂದಾಪುರದ ಸರ್ಕಲ್ಲು ದಾಟಿ ಆನೇಕಲ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಹಳೆಯ ಪಶು ಆಹಾರದ ಅಂಗಡಿಯೊಂದಿದೆ, ಅಲ್ಲಿಗೆ ಹೋಗಿದ್ದೆ. ಅಂಗಡಿಯವರು ಒಳಗೆ ಹಿಂಡಿ ತೂಗುತ್ತಿದ್ದರು. ನಾನು ಬಾಗಿಲ ಪಕ್ಕ, ಬಾಯಿ ಬಿಚ್ಚಿದ ಮೂಟೆಯೊಂದರ ಹತ್ತಿರ ನಿಂತಿದ್ದೆ. ಮೂಟೆಯಲ್ಲಿದ್ದದ್ದು ತೌಡು, ಮಿಲ್ಲಿನಲ್ಲಿ ಅಕ್ಕಿಯ ಮೈ ಉಜ್ಜಿದಾಗ ಉದುರುವ ಕಂದು ಪುಡಿ. ಲಾರಿಯೊಂದು ಹೋದ ರಭಸಕ್ಕೆ ಅದು ಸ್ವಲ್ಪ ಮೇಲೆದ್ದು ಮೂಗಿಗೆ ಬಂತು... ಸಿಹಿ ಎನ್ನಲೂ ಆಗದ, ಮುಗ್ಗಲು ಎನ್ನಲೂ ಆಗದ, ಬೆಚ್ಚಗಿನ ಧೂಳಿನಂಥ ವಾಸನೆ. ಎದೆಯೊಳಗೆ ಏನೋ ಚುರ್ ಎಂದಿತು. ನನಗೆ ಚೆನ್ನಾಗಿ ಪರಿಚಯವಿರುವ ಚುರುಕು ಅದು. ಹೊಟ್ಟೆಕಿಚ್ಚು.

ಆ ವಾಸನೆ ನಮ್ಮ ಓನರ್ ಆಂಟಿಯದು.

ಮದುವೆಯಾದ ಹೊಸತರಲ್ಲಿ ನಾವು ಕುಂದಲಹಳ್ಳಿಯ ಹಳೇ ಊರಿನ ಭಾಗದಲ್ಲಿ, ಅವರ ಕಟ್ಟಡದ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರಿಗೂ ಒಂದು ಹೆಸರಿತ್ತು, ಕರೆಂಟು ಬಿಲ್ಲಿನ ಮೇಲೆ ನೋಡಿದ್ದೆ. ಆದರೆ ಆ ಹೆಸರಿನಿಂದ ಯಾರೂ ಕರೆದದ್ದು ಕೇಳಲಿಲ್ಲ. ಬಾಡಿಗೆಯವರಿಗೆಲ್ಲ ಓನರ್ ಆಂಟಿ, ಹಾಲಿಗೆ ಬರುವವರಿಗೆ ಓನರಮ್ಮ. ಅಜ್ಜ ಮುತ್ತಜ್ಜನ ಕಾಲದಿಂದ ಅದೇ ಊರಿನವರು. ಅವರ ರಾಗಿ ಹೊಲದಲ್ಲಿ ಈಗ ಗಾಜಿನ ಗೋಡೆಯ ಕಂಪನಿಯೊಂದು ನಿಂತಿತ್ತು. ಉಳಿದ ಜಾಗದಲ್ಲಿ ಮೂರು ಮಹಡಿಯ ಮನೆ, ಮನೆಯ ಪಕ್ಕ ಶೀಟು ಹೊದಿಸಿದ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಕಂಪನಿಯ ಕ್ಯಾಬುಗಳು ಸಗಣಿಯನ್ನು ತಪ್ಪಿಸಲು ನಮ್ಮ ಗೇಟಿನ ಮುಂದೆ ಸೊಟ್ಟಗೆ ತಿರುಗುತ್ತಿದ್ದವು. ಗಂಡುಮಕ್ಕಳಿಬ್ಬರೂ ದೊಡ್ಡವರಾಗಿ, ಒಬ್ಬ ಕ್ಯಾಬು ಓಡಿಸಿಕೊಂಡು, ಇನ್ನೊಬ್ಬ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಇದ್ದರು. ಹಾಲು ಕರೆಯುವುದು ಹಿರಿಯ ಮಗ. ಬೂಸಾ, ತೌಡು ಕಲಸಿ ಬಾನಿಗೆ ಸುರಿಯುವುದು ಆಂಟಿಯೇ. ಹಾಗಾಗಿ ಮೊಣಕೈವರೆಗೆ ಅವರ ಕೈ ಯಾವಾಗಲೂ ಆ ವಾಸನೆಯಲ್ಲೇ ಇರುತ್ತಿತ್ತು, ಸೋಪು ಹಾಕಿ ತೊಳೆದರೂ.

ದೊಡ್ಡ ಆಳು. ಮೂಗಿನ ಎರಡೂ ಕಡೆ ಬೇಸರಿ. ಬಲಗಾಲ ಮಂಡಿ ಮಡಚುತ್ತಿರಲಿಲ್ಲ, ಅದಕ್ಕೇ ನೆಲದ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ಸೊಪ್ಪು ಬಿಡಿಸುವುದೂ ನಿಂತುಕೊಂಡೇ, ಟೀವಿ ನೋಡುವುದೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಕೊಂಡೇ.

ನನಗೆ ಮಗಳು ಹುಟ್ಟಿದ್ದು ಆ ಮನೆಯಲ್ಲಿದ್ದಾಗ. ಚೊಚ್ಚಲು ಬಾಣಂತನ ತವರಲ್ಲಿ ಆಗಬೇಕು. ನನ್ನ ತವರಾದ ತುಮಕೂರಿನಲ್ಲಿ ಅಪ್ಪ ಒಬ್ಬರೇ ಇದ್ದರು, ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಹಾಗಾಗಿ ಮಾಗಡಿ ಕಡೆಯಿಂದ ಅತ್ತೆಯೇ ಬಂದು ನಿಂತರು. ಇವರು, ಅಂದರೆ ನನ್ನ ಗಂಡ, ವೈಟ್‌ಫೀಲ್ಡಿನ ವಾಲ್ವು ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದರು; ವಾರಕ್ಕೊಂದು ಶಿಫ್ಟು, ಮನೆಯಲ್ಲಿದ್ದರೂ ನಿದ್ದೆಗಣ್ಣು.

ಮಗು ಮೊದಲ ವಾರಗಳಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಅಳು ಶುರುವಾಯಿತು. ಮಕ್ಕಳು ಅಳುತ್ತವೆ ಎಂದು ಎಲ್ಲರೂ ಹೇಳುತ್ತಾರೆ... ಆ ಅಳುವನ್ನು ಕೇಳಿದವರು ಹಾಗೆ ಹೇಳುತ್ತಿರಲಿಲ್ಲ. ಹಾಲು ಕುಡಿದು ಕಣ್ಣು ಮುಚ್ಚುವಷ್ಟರಲ್ಲಿ ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಮುಷ್ಟಿ ಬಿಗಿದು, ಕೆಂಪಿನಿಂದ ನೇರಳೆಗೆ ತಿರುಗುವವರೆಗೆ ಕಿರುಚುತ್ತಿತ್ತು. ಮಧ್ಯೆ ಉಸಿರು ಸಿಕ್ಕಿಕೊಂಡಂತೆ ಒಂದು ಸಣ್ಣ ಮೌನ. ಆ ಮೌನವೇ ಹೆಚ್ಚು ಹೆದರಿಸುತ್ತಿತ್ತು. ಮೂಗಿನಿಂದಲೂ ಹಾಲು ಬರುತ್ತಿತ್ತು. ಸಂಜೆ ಕಂಪನಿ ಬಸ್ಸುಗಳು ಜನರನ್ನು ಇಳಿಸುವ ಹೊತ್ತಿಗೆ ಅಳು ತಾರಕಕ್ಕೇರುತ್ತಿತ್ತು. ಮೇಲಿನ ಮಹಡಿಯಲ್ಲಿದ್ದ ಹುಡುಗರು ಮೆಟ್ಟಿಲಲ್ಲಿ ಸಿಕ್ಕರೆ "ಮೇಡಂ, ನಮಗೇನೂ ಡಿಸ್ಟರ್ಬ್ ಇಲ್ಲ" ಎನ್ನುತ್ತಿದ್ದರು. ಕೇಳದೆಯೇ ಹೇಳುತ್ತಿದ್ದುದರಿಂದ ಎಷ್ಟು ತೊಂದರೆ ಎಂದು ಗೊತ್ತಾಗುತ್ತಿತ್ತು.

ಮೊದಲು ತೋರಿಸಿದ ಡಾಕ್ಟರು ಹೊಟ್ಟೆನೋವು, ಗ್ಯಾಸು, ಮೂರು ತಿಂಗಳಿಗೆ ತಾನೇ ಹೋಗುತ್ತದೆ ಎಂದು ಹನಿ ಬರೆದುಕೊಟ್ಟರು. ಅತ್ತೆ ಓಮದ ನೀರು ಕುಡಿಸಿದರು, ಬಜೆ ತೇಯ್ದು ನೆಕ್ಕಿಸಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಬಾಣಂತಿ ಓಡಾಡಬಾರದೆಂದು ನನ್ನನ್ನು ಮಂಚ ಬಿಟ್ಟು ಇಳಿಯಲು ಬಿಡುತ್ತಿರಲಿಲ್ಲ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ತಟ್ಟುವುದೊಂದೇ ನನ್ನ ಕೆಲಸ. ತಟ್ಟಿದಷ್ಟೂ ಅಳು. ಕಾನ್ವೆಂಟಿನಲ್ಲಿ ಕಲಿತಿದ್ದ ಇಂಗ್ಲಿಷು ಹಾಡುಗಳನ್ನೆಲ್ಲ ಹಾಡಿ ಮುಗಿಸಿದೆ.

"ಸಣ್ಣ ದನಿ ತೆಗಿ ಅಂತ ಸಿಸ್ಟರ್‌ಗಳು ಹೇಳ್ಕೊಟ್ಟವ್ರೆ ನಿಂಗೆ. ಮಗೀಗ್ ಕೇಳ್ಸಾದ್ ಬ್ಯಾಡ್ವಾ?" ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಆ ಸಿಸ್ಟರ್‌ಗಳೇನ್ ಮಕ್ಳು ಎತ್ತಿದ್ರಾ?"

ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತೋರಿಸಿಕೊಳ್ಳದಿರುವುದು ನಮಗೆ ಕಲಿಸಿದ್ದ ಇನ್ನೊಂದು ವಿದ್ಯೆ.

ಓನರ್ ಆಂಟಿ ಮೊದಲ ಸಲ ಮಗುವನ್ನು ಎತ್ತಿಕೊಂಡದ್ದು ಅಂಥದೇ ಸಂಜೆ. ಕೊಟ್ಟಿಗೆಯಿಂದ ನೇರ ಮೇಲೆ ಬಂದಿದ್ದರು, ಕೈಗೆ ಇನ್ನೂ ತೌಡು ಅಂಟಿತ್ತು. "ಏನಮ್ಮ, ಅಸುಗಳು ಮೇವು ಬುಟ್ ನಿಂತ್ಕಂಡವೆ ನಿನ್ ಮಗೀನ್ ಸದ್ದಿಗೆ. ಇತ್ತ ಕೊಡು." ಕೈ ತೊಳೆದುಕೊಂಡು ಬನ್ನಿ ಎಂದು ಹೇಳುವ ಮೊದಲೇ ಮಗು ಅವರ ಹೆಗಲ ಮೇಲಿತ್ತು. ಅವರು ಕೂರಲಿಲ್ಲ, ಕೂರಲು ಆಗುತ್ತಲೂ ಇರಲಿಲ್ಲ. ಆ ಮಡಚದ ಕಾಲನ್ನು ಎಳೆಯುತ್ತ ನಡುಮನೆಯ ಉದ್ದಕ್ಕೂ ಹೋದರು, ಬಂದರು. ಹಾಡಿಲ್ಲ, ಮುದ್ದಿಲ್ಲ. ಹಿರಿಯ ಮಗ ಕ್ಯಾಬಿಗೆ ಹೊಸ ಟಯರು ಹಾಕಿಸಿ ಮೋಸ ಹೋದ ಕಥೆಯನ್ನು ಅತ್ತೆಗೆ ಹೇಳುತ್ತಿದ್ದರು.

ಕಥೆ ಮುಗಿಯುವಷ್ಟರಲ್ಲಿ ಮಗು ಸುಮ್ಮನಾಗಿತ್ತು.

ಬಾಯಿ ಸ್ವಲ್ಪ ತೆರೆದು, ಕೆನ್ನೆಯನ್ನು ಅವರ ಕುತ್ತಿಗೆಯ ಬೆವರಿಗೆ ಒತ್ತಿಕೊಂಡು ನಿದ್ದೆ ಹೋಗಿತ್ತು. ಮುಷ್ಟಿ ಬಿಚ್ಚಿತ್ತು. ಆ ಅಂಗೈಯೊಳಗೆ ಗೆರೆಗಳಿರುವುದನ್ನು ನಾನು ನೋಡಿದ್ದೇ ಆಗ. ನನ್ನ ಹತ್ತಿರ ಅದು ಅಂಗೈ ಬಿಚ್ಚಿರಲೇ ಇಲ್ಲ. ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಎದೆಯಿಂದ ಗಂಟಲವರೆಗೆ ಬಿಸಿ ಏನೋ ಏರಿತು. ಹೊಟ್ಟೆಕಿಚ್ಚು ಏಳು ದೊಡ್ಡ ಪಾಪಗಳಲ್ಲಿ ಒಂದೆಂದು ನೀತಿಪಾಠದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಹಾಲು ತುಂಬಿದ ಎದೆಯಲ್ಲಿ ಇಷ್ಟು ನೋಯುತ್ತದೆಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಅವರು ಬರುವುದು, ಮಗು ಸುಮ್ಮನಾಗುವುದು, ಅವರು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಕಿರುಚುವುದು. ಇವರು ಒಂದು ಸಲ "ಆಂಟಿನ ಕರೀಲಾ?" ಎಂದು ಚಪ್ಪಲಿ ಮೆಟ್ಟಿಕೊಂಡಾಗ, ಬೇಡ ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಮಗುವೇ ಅಳು ನಿಲ್ಲಿಸಿ ನನ್ನನ್ನು ನೋಡಿತು.

ಇಷ್ಟಾದರೂ ಮಗು ಸೊರಗುತ್ತಿತ್ತು. ತೂಕ ಏರುತ್ತಿರಲಿಲ್ಲ. ತೊಡೆಯ ಚರ್ಮ ಮಡಿಕೆ ಬಿದ್ದು, ಮುಖದಲ್ಲಿ ಕಣ್ಣೇ ಹೆಚ್ಚಾಗಿ ಕಾಣುತ್ತಿತ್ತು. ಬಂದು ನೋಡಿದವರು ಜೋರಾಗಿ "ಮುದ್ದಾಗಿದೆ" ಎಂದು, ಮೆಟ್ಟಿಲಲ್ಲಿ ಮೆಲ್ಲಗೆ ಮಾತಾಡಿಕೊಂಡು ಇಳಿಯುತ್ತಿದ್ದರು. ಆಗಲೇ ಅತ್ತೆ ಆ ಮಾತೆತ್ತಿದ್ದು: ಮಗುವನ್ನು ಮಾರಿಬಿಡೋಣ.

ಅವರ ಕಡೆ ಅದು ಇತ್ತಂತೆ. ಹುಟ್ಟಿದ ಮಗು ಸದಾ ನರಳುತ್ತಿದ್ದರೆ, ಮಕ್ಕಳು ಗಟ್ಟಿಯಾಗಿ ಉಳಿದಿರುವ ಹೆಂಗಸೊಬ್ಬಳಿಗೆ ಅದನ್ನು ಒಂದು ಮೊರ ತೌಡಿಗೆ ಮಾರುವುದು. ಆಮೇಲೆ ಸಾಕುವುದಕ್ಕೆಂದು ಅವಳಿಂದಲೇ ಮಗುವನ್ನು ಇಸಿದುಕೊಳ್ಳುವುದು. ಕೆಟ್ಟದ್ದು ಹುಡುಕಿಕೊಂಡು ಬಂದರೆ ಹೆತ್ತ ತಾಯಿಗೆ ಮಗುವೇ ಇಲ್ಲ. ಇರುವುದು ಯಾರದೋ ಮಗು, ತೌಡಿನಷ್ಟು ಅಗ್ಗದ್ದು. ಮಗು ಗಟ್ಟಿಯಾಗಿ, ಕುಲದೇವರಿಗೆ ಮುಡಿ ಕೊಟ್ಟ ಮೇಲೆ ಒಂದು ಮೊರ ರಾಗಿ, ತೆಂಗಿನಕಾಯಿ, ಬೆಲ್ಲ ಕೊಟ್ಟು ಬಿಡಿಸಿಕೊಂಡು ಬರಬೇಕು. ಅಲ್ಲಿಯವರೆಗೆ ಹೆತ್ತವಳು ಬಾಯಿಬಿಟ್ಟು "ನನ್ನ ಮಗು" ಅನ್ನಬಾರದು.

"ಯಾರಿಗೆ ಮಾರೋದು?" ಎಂದು ಇವರು ನಗುತ್ತ ಕೇಳಿದರು.

"ಇನ್ಯಾರ್ಗೆ? ಓನರಮ್ಮಂಗೆ. ಅದು ಆಗ್ಲೇ ಅವ್ಳ ಮಗಿ ಆಗೋಗೈತೆ" ಎಂದರು ಅತ್ತೆ.

ನಾನು ಬೇಡವೆಂದೆ, ನನ್ನ ಮಟ್ಟಿಗೆ ಗಟ್ಟಿಯಾಗಿಯೇ. ಆದರೆ ಆ ತೊಡೆಯ ಮಡಿಕೆಗಳನ್ನು ದಿನವೂ ಎಣ್ಣೆ ಹಚ್ಚಿ ಬಿಡಿಸುತ್ತಿದ್ದವಳೂ ನಾನೇ. ಎಷ್ಟು ಹೊತ್ತು ಬೇಡ ಅನ್ನಲಿ?

ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬಾಗಿಲ ಹೊಸಿಲಿನ ಮೇಲೆ ವ್ಯಾಪಾರ ನಡೆಯಿತು. ಆಂಟಿ ಮಿಂದು, ಮಲ್ಲಿಗೆ ಮುಡಿದು, ಜರಿಯ ಸೀರೆ ಉಟ್ಟುಕೊಂಡು ಬಂದಿದ್ದರು. ಅಷ್ಟು ಸಿಂಗಾರ ಯಾಕೆ ಎಂದು ನನಗೆ ಚುಚ್ಚಿತು. ಮೊರದ ತುಂಬ ತೌಡು. ಮಗು ಹೊಸಿಲ ಒಳಗೆ ನನ್ನ ಕೈಯಲ್ಲಿ.

"ಮಗೀನ ಮಾರ್ತೀಯೇನಮ್ಮ?" ಎಂದು ಕೇಳಿದರು. ಹಾಗೆ ಕೇಳಬೇಕೆಂದು ಅತ್ತೆ ಹೇಳಿಕೊಟ್ಟಿದ್ದರು.

"ಮಾರ್ತೀನಿ" ಎನ್ನಬೇಕಿತ್ತು. ಅತ್ತೆ ಹಿಂದಿನಿಂದ ಮೊಣಕೈಯಲ್ಲಿ ತಿವಿದರು. ಅಂದೆ. ತೌಡನ್ನು ನನ್ನ ಮಡಿಲಿಗೆ ಸುರಿದು, ಖಾಲಿ ಮೊರದಲ್ಲಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿಕೊಂಡು ಅವರು ಕೆಳಗಿಳಿದರು. ತಿರುಗಿ ನೋಡಬಾರದಂತೆ. ನೋಡಲಿಲ್ಲ... ಕಿವಿಯಿಂದ ಎಲ್ಲ ನೋಡಿದೆ. ಅವರ ಕಾಲುಂಗುರದ ಸದ್ದು, ಎಳೆಯುವ ಕಾಲಿನ ಸದ್ದು, ಕೆಳಗಿನ ಬಾಗಿಲು. ಎಲ್ಲಿಯೂ ಅಳುವಿನ ಸದ್ದಿಲ್ಲ.

ಸ್ವಲ್ಪ ಹೊತ್ತಿಗೆ ಮಗುವನ್ನು ತಂದು, "ಇಕಾ, ನನ್ ಮಗೀನ ಸಾಕಾಕೆ ಕೊಟ್ಟಿವ್ನಿ. ಚೆಂದಾಗಿ ನೋಡ್ಕ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಡಿಲಲ್ಲಿದ್ದ ತೌಡನ್ನು ಹಸುವಿಗೆ ಹಾಕಬೇಕೆಂದು ಅತ್ತೆ ಕೆಳಗೆ ಕರೆದೊಯ್ದರು. ನನ್ನ ಮಗಳ ಬೆಲೆಯನ್ನು ಆ ಹಸು ಎರಡೇ ಸಲ ನಾಲಿಗೆ ಚಾಚಿ ಮುಗಿಸಿತು.

ನಾನು ಅದನ್ನು ಒಂದು ಶಾಸ್ತ್ರವೆಂದುಕೊಂಡಿದ್ದೆ. ಆಂಟಿ ಹಾಗೆಂದುಕೊಂಡಿರಲಿಲ್ಲ.

ಅವರು ಬಾಗಿಲು ತಟ್ಟುವುದನ್ನು ನಿಲ್ಲಿಸಿದರು. "ನನ್ ಮಗಿ ಏನ್ ಮಾಡ್ತೈತೆ?" ಎನ್ನುತ್ತ ಒಳಗೇ ಬಂದುಬಿಡುವರು. ನಾವು ಯೋಚಿಸಿ ಯೋಚಿಸಿ ಇಟ್ಟಿದ್ದ ಹೆಸರನ್ನು ಬಿಟ್ಟು "ತೌಡಿ" ಎಂದು ಕರೆಯತೊಡಗಿದರು. ತರಕಾರಿ ಗಾಡಿಯವನು "ಯಾರ್ ಪಾಪು ಅಕ್ಕ ಇದು?" ಎಂದು ಕೇಳಿದಾಗ, ನಾನು ಪಕ್ಕದಲ್ಲಿ ಬೀನ್ಸು ಆರಿಸುತ್ತ ನಿಂತಿರುವಾಗಲೇ, "ನಂದೇ ಕಣಪ್ಪ. ಈ ವಯಸ್ನಾಗೆ ಎಣ್ಣೊಂದು ಸಿಕ್ತು ನಂಗೆ" ಎಂದರು. ಅವನು ನನ್ನ ಮುಖ ನೋಡಿದ. ನಾನು ಬೀನ್ಸಿನ ತುದಿ ಮುರಿದು ನೋಡುತ್ತ ನಿಂತೆ. ಬಾಯಿ ಬಿಡುವ ಹಾಗಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಹಾಲು ಕುಡಿದ ಮಗು ಕೆಮ್ಮಿತು, ಉಸಿರು ಸಿಕ್ಕಿಕೊಂಡಿತು, ತುಟಿಯ ಸುತ್ತ ನೀಲಿಯಾಯಿತು. ಒಂದು ಗಳಿಗೆ ಬಟ್ಟೆಯ ಗೊಂಬೆಯಂತೆ ನನ್ನ ಕಾಲ ಮೇಲೆ ಜೋತುಬಿತ್ತು. ನಾನು ಕೂಗಿದೆ. ಅಷ್ಟು ದೊಡ್ಡ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅತ್ತೆಗೆ ಕೈಕಾಲು ಆಡಲಿಲ್ಲ. ಕೆಳಗಿನಿಂದ ಆಂಟಿ ಬಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅದು ಒಂದು ಬಾಯಿ ಹಾಲು ಕಕ್ಕಿ, ಉಸಿರೆಳೆದು ಕಿರುಚಿತು. ಆ ಕಿರುಚು ಒಂದನ್ನು ಮಾತ್ರ ನಾನು ಕೈಮುಗಿದು ಕೇಳಿದ್ದು.

ಆಟೋದಲ್ಲಿ ಮಹದೇವಪುರದ ಕಡೆಯ ಒಂದು ಮಕ್ಕಳ ಆಸ್ಪತ್ರೆಗೆ ಹೋದೆವು. ಸಿಗ್ನಲ್ಲಿನಲ್ಲಿ ಆಂಟಿ ಆಟೋದಿಂದ ತಲೆ ಹೊರಗೆ ಹಾಕಿ, "ಜಾಗ ಬುಡ್ರೋ, ಮಗೀಗ್ ಉಸಾರಿಲ್ಲ" ಎಂದು ಮುಂದಿನ ಬೈಕುಗಳಿಗೆಲ್ಲ ಗದರಿದರು. ಹೆಲ್ಮೆಟ್ಟುಗಳು ಎರಡು ಭಾಗವಾದವು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ತಡೆದಳು: "ಒಬ್ರೇ ಒಳಗೆ ಬನ್ನಿ. ಮದರ್ ಯಾರು?"

"ನಾನು" ಎಂದರು ಆಂಟಿ.

ನರ್ಸು ಅವರ ನರೆತ ಕೂದಲನ್ನು ನೋಡಿದಳು, ನನ್ನ ಎದೆಯ ಮೇಲೆ ಹಾಲಿನಿಂದ ಒದ್ದೆಯಾಗಿದ್ದ ನೈಟಿಯನ್ನು ನೋಡಿದಳು. ಆಂಟಿ ಹಟ ಮಾಡುತ್ತಿರಲಿಲ್ಲ. ಮಗುವಿಗೆ ಅಂಥ ಗಳಿಗೆ ಬಂದಾಗಲೇ ಅದನ್ನು ಹೇಳಬೇಕಾದದ್ದು, ಅದಕ್ಕೆಂದೇ ಮಾರಿದ್ದು. ಅವರು ಮಾತಿಗೆ ತಪ್ಪಲಿಲ್ಲ, ಅಷ್ಟೇ. ಅದು ನನಗೆ ಅರ್ಥವೂ ಆಗಿತ್ತು. ಅರ್ಥವಾದರೇನು... ಅವರ ಕೈಯಿಂದ ಮಗುವನ್ನು ಕಿತ್ತುಕೊಂಡು, "ಹೆತ್ತಿರೋದು ನಾನು ಸಿಸ್ಟರ್, ನನ್ನ ಮಗು ಇದು" ಎಂದುಬಿಟ್ಟೆ. ಸುತ್ತ ಕೂತಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಆಂಟಿಯ ಕೈಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ಚಾಚಿಕೊಂಡಿದ್ದವು. ಆಮೇಲೆ ಸೆರಗಿನಿಂದ ಹೆಗಲ ಮೇಲಿನ ಹಾಲನ್ನು ಒರೆಸಿಕೊಂಡು, "ಓಗವ್ವ. ಬಿರ್ನೆ ಓಗು" ಎಂದರು.

ಡಾಕ್ಟರು ನನ್ನ ವಯಸ್ಸಿನವರೇ. ತಮ್ಮೆದುರಿಗೇ ಹಾಲು ಕುಡಿಸಲು ಹೇಳಿದರು, ಮಗು ಬಿಲ್ಲಿನಂತೆ ಬಾಗುವುದನ್ನು ನೋಡಿದರು. ಹೊಟ್ಟೆಗೆ ಹೋದ ಹಾಲು ಹುಳಿಯ ಸಮೇತ ಮೇಲಕ್ಕೆ ಬಂದು ಮಗುವಿನ ಎದೆಯನ್ನು ಉರಿಸುತ್ತಿದೆ ಎಂದರು. ಕುಡಿಸಿದ ಮೇಲೆ ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ಕಾಲ ಮೇಲೆ ಅಂಗಾತ ಎಂದೆ. ಯಾರ ಹತ್ತಿರವಾದರೂ ಸುಮ್ಮನಿರುತ್ತದೆಯೇ ಎಂದರು.

ಹೇಳಬೇಕಾಯಿತು.

"ಅವರು ಹೇಗೆ ಎತ್ಕೋತಾರೆ?"

"ಹೆಗಲ ಮೇಲೆ. ಮಂಡಿ ನೋವು ಅವರಿಗೆ, ಕೂರೋಕಾಗಲ್ಲ. ನಿಂತೇ ಇರ್ತಾರೆ."

ಡಾಕ್ಟರು ನಕ್ಕರು. "ಅವರ ಮಂಡಿ ನೋವಿಂದ ಇವಳಿಗೆ ಆರಾಮಾಯ್ತು ನೋಡಿ" ಎಂದು, ಸ್ವಲ್ಪ ಸ್ವಲ್ಪವೇ ಕುಡಿಸಲು, ಪ್ರತಿ ಸಲವೂ ಆದಮೇಲೆ ನೆಟ್ಟಗೆ ಹೆಗಲಿಗೆ ಹಾಕಿಕೊಂಡು ಓಡಾಡಲು ಹೇಳಿ, ಔಷಧಿಯನ್ನೂ ಬರೆದರು.

ಹೊರಗೆ ಬಂದು ಹೇಳಿದಾಗ ಆಂಟಿಗೆ ಭಾರಿ ಖುಷಿಯಾಯಿತು. "ಕಾಲು ಕುಂಟಿ ಅಂತ ಊರೋರೆಲ್ಲ ಆಡ್ಕಂತಿದ್ರು. ಈಗ ಡಾಕ್ಟ್ರೇ ಬರ್ದವ್ರಾ?" ಎಂದು ಆಟೋದವನಿಗೂ ಹೇಳಿಕೊಂಡರು. ನನ್ನ ಮಾತನ್ನು ಅವರು ಮರೆತಂತೆ ಕಂಡಿತು. ಮಗುವನ್ನು ಮಾತ್ರ ದಾರಿಯುದ್ದಕ್ಕೂ ನನ್ನ ಕೈಯಿಂದ ಕೇಳಲಿಲ್ಲ.

ನಾನು ನಡೆದೆ. ಬಾಣಂತಿ ಎಂದು ಅತ್ತೆ ಗೊಣಗಿದರೂ ಕಿವಿಗೆ ಹತ್ತಿ ಇಟ್ಟುಕೊಂಡು ನಡುಮನೆ, ಅಡುಗೆಮನೆ, ಬಾಲ್ಕನಿ ಎಂದು ನಡೆದೆ. ಕೆಲವು ವಾರ ಹಿಡಿಯಿತು. ಒಂದು ಸಂಜೆ ನನ್ನ ಹೆಗಲ ಮೇಲೆ ಭಾರ ಏನೋ ಬದಲಾದಂತೆ ಅನ್ನಿಸಿ ನೋಡಿದರೆ ಮಗು ಮಲಗಿತ್ತು. ನನ್ನ ಹೆಗಲ ಮೇಲೆ, ಅಂಗೈ ಬಿಚ್ಚಿಕೊಂಡು. ನಾನು ಮಾಡಿದ ಮೊದಲ ಕೆಲಸವೇನು ಗೊತ್ತೇ? ಮೆಲ್ಲಗೆ ಬಾಲ್ಕನಿಗೆ ಬಂದು, ಕೊಟ್ಟಿಗೆಗೆ ಚೆನ್ನಾಗಿ ಕಾಣುವ ಕಡೆ ನಿಂತುಕೊಂಡೆ. ಬಾನಿಯಲ್ಲಿ ಕೈ ಆಡಿಸುತ್ತಿದ್ದ ಆಂಟಿ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು.

"ಅಂತೂ ನಿನ್ ಕೈಗೂ ಬಂತು ಬುಡು" ಎಂದು ಮತ್ತೆ ಬಗ್ಗಿದರು. ಅಂದು ಸಂಜೆ ಅವರು ಮೇಲೆ ಬರಲಿಲ್ಲ.

ಗೆದ್ದೆನೆಂದುಕೊಂಡೆ. ಆದರೆ ಮಕ್ಕಳು ಎಷ್ಟು ಜಾಣರು ನೋಡಿ. ಹೊಟ್ಟೆ ಸರಿಹೋದ ಮೇಲೂ ಮಗಳು ಅವರನ್ನು ಬಿಡಲಿಲ್ಲ. ಅಂಬೆಗಾಲು ಬಂದದ್ದೇ ಮೆಟ್ಟಿಲ ಕಡೆಗೆ ಓಟ. ನಾನು ಮಮ್ಮಾ ಎಂದು ಹೇಳಿಕೊಡುತ್ತಿದ್ದೆ. ಅವಳ ಬಾಯಿಂದ ಮೊದಲು ಬಂದದ್ದು "ಅವ್ವ", ಅದೂ ಕೊಟ್ಟಿಗೆಯ ಬಾಗಿಲಲ್ಲಿ. ಆಂಟಿ ಕೈಯಲ್ಲಿದ್ದ ಬೂಸಾದ ಬಕೆಟ್ಟು ಬಿಟ್ಟು ಬೀದಿಯವರನ್ನೆಲ್ಲ ಕೂಗಿ ಕರೆದರು. ಮಗಳಿಗೆ ಸಿಕ್ಕಿದ್ದಂಥ ಹೆಗಲು ನನ್ನ ಬಾಣಂತನದಲ್ಲಿ ನನಗೆ ಸಿಗಲಿಲ್ಲವೆಂಬ ಸಂಕಟವೂ ಆ ಹೊಟ್ಟೆಕಿಚ್ಚಿನ ತಳದಲ್ಲಿ ಇತ್ತೇನೋ. ಅಮ್ಮನಿಲ್ಲದ ಹೆಣ್ಣುಮಗಳು ನಾನು. ಯಾರನ್ನು ಕಂಡು ಉರಿದೆ, ಆಂಟಿಯನ್ನೋ ಮಗಳನ್ನೋ... ಈಗಲೂ ಬಿಡಿಸಿ ಹೇಳಲಾರೆ.

ಮಾಗಡಿಗೆ ಹೋಗಿ ಮುಡಿ ಕೊಟ್ಟು ಬಂದ ಮರುದಿನವೇ ನಾನು ಮೊರದಲ್ಲಿ ರಾಗಿ ತುಂಬಿಕೊಂಡು ಕೆಳಗಿಳಿದೆ. ಮಗಳನ್ನು ಬಿಡಿಸಿಕೊಳ್ಳಬೇಕಿತ್ತು. ಆಂಟಿ ರಾಗಿ ನೋಡಿದರು, ನನ್ನ ಮುಖ ನೋಡಿದರು. "ಇವತ್ ಮಂಗ್ಳಾರ ಕಣಮ್ಮ. ಮಂಗ್ಳಾರ ಎಣ್ಮಗೀನ ಕಳಿಸ್ತಾರಾ?" ಇನ್ನೊಮ್ಮೆ ಹೋದಾಗ ಆಷಾಢ. ಮತ್ತೊಮ್ಮೆ ದಾಯಾದಿಗಳ ಮನೆಯಲ್ಲಿ ಸಾವು, ಸೂತಕ. ಕಾರಣಗಳೆಲ್ಲ ನಿಜವೇ, ಅದೇ ಕಷ್ಟ. ಆ ರಾಗಿಯನ್ನು ಬೀಸಿಸಿ ಮುದ್ದೆ ಮಾಡಿ ಉಂಡೆವು.

ಅಷ್ಟರಲ್ಲಿ ಇವರ ಕಾರ್ಖಾನೆ ಅತ್ತಿಬೆಲೆ ಕಡೆ ಹೊಸ ಘಟಕ ತೆರೆದು, ನಾವು ಚಂದಾಪುರಕ್ಕೆ ಮನೆ ಬದಲಿಸಿದೆವು. ಗಂಟುಮೂಟೆ ಕಟ್ಟುವಾಗ ನನ್ನೊಳಗೊಂದು ಸಣ್ಣ ಹಬ್ಬ. ಟೆಂಪೋ ಹೊರಡುವಾಗ ಮಗಳು ಆಂಟಿಯ ಸೆರಗನ್ನು ಹಿಡಿದು, ಹಳೆಯ ದಿನಗಳ ಹಾಗೆಯೇ ಮೈ ಬಾಗಿಸಿ ಅತ್ತಳು. ನಾನು ಒಂದೊಂದೇ ಬೆರಳು ಬಿಡಿಸಿದೆ. "ರಾಗಿ ಇಸ್ಕೊಳ್ಳಿ ಆಂಟಿ, ಇವತ್ತಾದ್ರೂ" ಎಂದೆ. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. "ಓಗ್ಬಾರಮ್ಮ. ಎಲ್ಲಿ ಓಯ್ತಳೆ? ಸಾಕಾಕೆ ತಾನೆ ಕೊಟ್ಟಿರಾದು."

ಚಂದಾಪುರದಿಂದ ಕುಂದಲಹಳ್ಳಿ ನಕಾಶೆಯಲ್ಲಿ ಹತ್ತಿರ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅದು ಬೇರೆ ರಾಜ್ಯ. ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆವು, ಮಗಳ ಹಟಕ್ಕೆ. ಮಗಳು ಹೊಸಿಲು ದಾಟುತ್ತಿದ್ದ ಹಾಗೇ ಅವರ ಭಾಷೆಗೆ ತಿರುಗುತ್ತಿದ್ದಳು. ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ಮಗಳು "ಅವ್ವಾ, ಒಟ್ಟೆ ಅಸೀತೈತೆ" ಎಂದು ಅವರ ಅಡುಗೆಮನೆಗೆ ನುಗ್ಗುವುದನ್ನು ಸೋಫಾದ ತುದಿಯಲ್ಲಿ ಕೂತು ಕೇಳುತ್ತಿದ್ದೆ. ಅವರಿಬ್ಬರ ನಗು ಒಳಗಿನಿಂದ ಬರುತ್ತಿತ್ತು. ನನಗೆ ಕಾಫಿ ಹೊರಗೆ ಬರುತ್ತಿತ್ತು, ಅತಿಥಿಗಳ ಕಪ್ಪಿನಲ್ಲಿ.

ಕಳೆದ ವರ್ಷ ಅವರ ಹಿರಿಯ ಮಗನ ಫೋನು ಬಂತು. ಎರಡೇ ದಿನ ಜ್ವರವಂತೆ. "ಅಕ್ಕ, ಮಣ್ಣಾಯ್ತು. ಯಾರ್ಗೂ ಸರ್ಯಾಗಿ ಏಳಕ್ಕಾಗ್ಲಿಲ್ಲ. ಆಲುತುಪ್ಪಕ್ಕೆ ಮಗೀನ ಕರ್ಕಂಬನ್ನಿ. ಎಣ್ಮಕ್ಳು ಇಲ್ಲ ನಮ್ಮವ್ವಂಗೆ, ನಿಮ್ಗೆ ಗೊತ್ತಲ್ಲ."

ಗಾಜಿನ ಕಂಪನಿಯ ಕಾಂಪೌಂಡಿನ ಹಿಂದೆ ಅವರ ಕುಟುಂಬದ ಸಮಾಧಿಗಳಿರುವ ಒಂದು ತುಂಡು ನೆಲ ಹಾಗೇ ಉಳಿದಿತ್ತು. ಗೋಡೆಯ ಆಚೆ ಜನರೇಟರು ಗುಂಯ್‌ಗುಡುತ್ತಿತ್ತು. ಹೊಸ ಮಣ್ಣಿನ ದಿಬ್ಬದ ಸುತ್ತ ಮನೆಯವರು ನಿಂತಿದ್ದರು. ಗಂಡುಮಕ್ಕಳು, ಸೊಸೆಯರು ಹಾಲು ತುಪ್ಪ ಎರೆದ ಮೇಲೆ ಒಬ್ಬ ಹಿರಿಯ ಹೆಂಗಸು "ಮಗಳೆಲ್ಲಿ? ಮಗಳನ್ನ ಕರೀರಿ" ಎಂದಳು. ಎಲ್ಲರೂ ದಾರಿ ಬಿಟ್ಟರು. ನನ್ನ ಮಗಳು ನನ್ನ ಕೈ ಬಿಟ್ಟು, ಚಪ್ಪಲಿ ಕಳಚಿಟ್ಟು ಮುಂದೆ ಹೋದಳು. ಯಾರೂ ಹೇಳಿಕೊಡದೆಯೇ ಮಂಡಿಯೂರಿ, ಬೊಗಸೆಯಿಂದ ಹಾಲು ಎರೆದಳು. ನಾನು ದೂರದ ಸಾಲಿನಲ್ಲಿ, ಬಾಡಿಗೆಯವರ ಮಧ್ಯೆ ನಿಂತಿದ್ದೆ.

ಊಟವಾದ ಮೇಲೆ ಹಿರಿಯ ಮಗ ಒಳಗಿನಿಂದ ಒಂದು ಸೀರೆ ತಂದ. ಹಸಿರು ರೇಷ್ಮೆ, ಸಾಸಿವೆ ಬಣ್ಣದ ಅಂಚು. "ಅವ್ವ ಯಾವಾಗ್ಲೋ ತಂದಿಟ್ಟಿದ್ಲು ಅಕ್ಕ. ತೌಡಿ ದೊಡ್ಡೋಳಾದಾಗ ಉಡ್ಸಾಕೆ ಅಂತ." ನನ್ನ ಕೈಗೆ ಕೊಡಲಿಲ್ಲ, ಮಗಳ ಮಡಿಲಿಗೇ ಇಟ್ಟ.

ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ದೊಡ್ಡವರು ಅಳುವ ಹಾಗೆ, ಸದ್ದಿಲ್ಲದೆ. ಹೆಗಲಿಗೆ ಎಳೆದುಕೊಳ್ಳಲು ಹೋದೆ. "ಇರಮ್ಮ, ಸ್ವಲ್ಪ ಹೊತ್ತು" ಎಂದಳು. ನಾನು ಹೋದಾಗ ಇವಳು ಹೀಗೆ ಅತ್ತಾಳೇ, ಎಂಬ ಪ್ರಶ್ನೆ ಬಂತು. ತೀರಿಹೋದವರನ್ನು ಕಂಡೂ ಕರುಬುವ ಹೆಂಗಸು ಬೇರೆ ಇದ್ದಾಳೋ ಇಲ್ಲವೋ. ನಾನಂತೂ ಹೊಸೂರು ರಸ್ತೆಯ ಉದ್ದಕ್ಕೂ ಕರುಬಿದೆ. ಅಂಥದರ ನಡುವೆಯೇ ಎಲ್ಲೋ, ಅವರಿಲ್ಲ ಎಂಬುದು ನನಗೂ ತಟ್ಟಿತು. ನನ್ನ ಮಗುವಿನ ಆ ದಿನಗಳನ್ನು ಕಂಡಿದ್ದವರು, ಆ ತೊಡೆಯ ಮಡಿಕೆಗಳನ್ನು ನೆನಪಿಟ್ಟುಕೊಂಡಿದ್ದವರು ನಾವಿಬ್ಬರೇ. ಅತ್ತೆಗೆ ಈಗ ಮರೆವು. ಇವರಿಗೆ ಆ ದಿನಗಳಲ್ಲೇ ನಿದ್ದೆಗಣ್ಣು.

ಇನ್ನು ಮಗಳನ್ನು ಬಿಡಿಸಿಕೊಳ್ಳೋಣವೆಂದರೆ ರಾಗಿ ಇಸಿದುಕೊಳ್ಳುವವರು ಯಾರೂ ಇಲ್ಲ. ಅತ್ತೆಯ ಲೆಕ್ಕದಲ್ಲಿ ಅವಳು ಇಂದಿಗೂ ಆ ಮನೆಯವಳು, ನಾನು ಸಾಕುತ್ತಿರುವವಳು.

ಸೀರೆ ನನ್ನ ಬೀರುವಿನಲ್ಲಿದೆ. ಹೋದ ತಿಂಗಳು ಒಂದು ಮದುವೆಗೆ ಉಡೋಣವೇ ಎಂದು ಹೊರಗೆ ತೆಗೆದಿದ್ದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ, ಅದು ನಂದು" ಎಂದಳು. ಜೋರಾಗಿ ಏನಲ್ಲ. ಒಳಗೆ ಇಟ್ಟುಬಿಟ್ಟೆ. ರೇಷ್ಮೆ ಒಂದೇ ಮಡಿಕೆಯಲ್ಲಿ ಬಹಳ ದಿನ ಇದ್ದರೆ ಅಂಚಿನ ಜರಿ ಅಲ್ಲೇ ಮುರಿಯುತ್ತದೆ. ಹಾಗಾಗಿ ಮಧ್ಯಾಹ್ನ ಅವಳು ಶಾಲೆಯಲ್ಲಿರುವಾಗ ಆಗಾಗ ತೆಗೆದು, ನೆರಳಿನಲ್ಲಿ ಹರವಿ ಗಾಳಿಯಾಡಿಸಿ, ಬೇರೆ ಕಡೆಗೆ ಮಡಿಸಿ ಇಡುತ್ತೇನೆ.